ಇಂಗ್ಲೆಂಡಿನ ಹಳ್ಳಿ ಕಾಟೇಜ್: ಸುತ್ತಿಗೆ ಎತ್ತುವ ಮೊದಲು

ಇಂಗ್ಲೆಂಡಿನ ಹಳ್ಳಿಗಳಲ್ಲಿ ಮುನ್ನೂರು, ನಾನೂರು ವರ್ಷ ಹಳೆಯ ಕಾಟೇಜ್‌ಗಳಲ್ಲಿ ಇವತ್ತಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಹುಲ್ಲಿನ ಮಾಡು, ಬಾಗಿದ ತೊಲೆ, ತಲೆ ತಗ್ಗಿಸಿ ನುಗ್ಗಬೇಕಾದ ಬಾಗಿಲು. ನೋಡಿದರೆ ಮನಸ್ಸು ಸೋಲುತ್ತದೆ. ಅಲ್ಲಿ ನೆಲೆಸಿದವರಿಗೆ ಇಂಥದ್ದೊಂದು ಮನೆ ಕೊಳ್ಳುವ ಆಸೆ ಹುಟ್ಟುವುದು ಸಹಜವೇ. ಆದರೆ ಇದನ್ನು ಹೊಸ ಮನೆಯ ಹಾಗೆ ರಿಪೇರಿ ಮಾಡಲು ಹೋದರೆ ಎರಡು ಕಡೆಯಿಂದ ಏಟು ಬೀಳುತ್ತದೆ. ಒಂದು ಕಾನೂನಿನಿಂದ, ಇನ್ನೊಂದು ಗೋಡೆಯಿಂದಲೇ. ಕಾನೂನಿನ ಏಟು ಕಾಗದದಲ್ಲಿ ಬರುತ್ತದೆ. ಗೋಡೆಯದು ವರ್ಷಗಳು ಕಳೆದ ಮೇಲೆ, ಒಳಗಿನ ತೊಲೆ ಪುಡಿಯಾದಾಗ ಗೊತ್ತಾಗುತ್ತದೆ.

ಹಾಗಾಗಿ ಇಲ್ಲಿ ಹೇಳುವ ಹೆಜ್ಜೆಗಳ ಕ್ರಮವೇ ಮುಖ್ಯ. ಮೊದಲು ತಿಳಿದುಕೊಳ್ಳುವುದು, ಆಮೇಲೆ ಕೇಳುವುದು, ಕೊನೆಗೆ ಮಾಡುವುದು. ಇಲ್ಲಿರುವ ನಿಯಮಗಳು ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್‌ಗಳ ಕಾನೂನು ಬೇರೆ.

1. ಮನೆ ಪಟ್ಟಿಯಲ್ಲಿದೆಯಾ ನೋಡಿ

ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆ ಪಾರಂಪರಿಕ ಕಟ್ಟಡಗಳ ರಾಷ್ಟ್ರೀಯ ಪಟ್ಟಿಯನ್ನು ಇಟ್ಟಿದೆ. ಅದರ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ದುಡ್ಡಿಲ್ಲದೆ ಹುಡುಕಬಹುದು. ಊರಿನ ಹೆಸರು ಅಥವಾ ಪೋಸ್ಟ್‌ಕೋಡ್ ಹಾಕಿ, ನಕ್ಷೆಯಲ್ಲಿ ನಿಮ್ಮ ಮನೆಯ ಮೇಲೆ ಗುರುತು ಇದೆಯಾ ನೋಡಿ. ಇದ್ದರೆ ಅದು ಲಿಸ್ಟೆಡ್ ಕಟ್ಟಡ. ಮೂರು ದರ್ಜೆಗಳಿವೆ: ಗ್ರೇಡ್ ಒಂದು, ಗ್ರೇಡ್ ಎರಡು ಸ್ಟಾರ್, ಗ್ರೇಡ್ ಎರಡು. ನೂರರಲ್ಲಿ ತೊಂಬತ್ತಕ್ಕಿಂತ ಜಾಸ್ತಿ ಗ್ರೇಡ್ ಎರಡರವು. ಹಳ್ಳಿಯ ಕಾಟೇಜ್‌ಗಳೂ ಹೆಚ್ಚಾಗಿ ಇದರಲ್ಲೇ ಬರುತ್ತವೆ. 'ಗ್ರೇಡ್ ಎರಡು ಅಲ್ವಾ, ಅಷ್ಟೇನೂ ಬಿಗಿ ಇರಲಿಕ್ಕಿಲ್ಲ' ಅಂದುಕೊಳ್ಳಬೇಡಿ. ಅನುಮತಿ ಬೇಕು ಅನ್ನುವ ನಿಯಮ ಮೂರಕ್ಕೂ ಒಂದೇ.

ಮನೆ ಎಷ್ಟು ಹಳೆಯದು ಅನ್ನುವುದರಿಂದಲೂ ಒಂದು ಅಂದಾಜು ಸಿಗುತ್ತದೆ. 1700ಕ್ಕಿಂತ ಮೊದಲು ಕಟ್ಟಿದ್ದು, ಮೂಲ ಭಾಗಗಳು ಸಾಕಷ್ಟು ಉಳಿದಿದ್ದರೆ, ಅದು ಪಟ್ಟಿಯಲ್ಲಿ ಇರುವ ಸಾಧ್ಯತೆ ತುಂಬಾ ಹೆಚ್ಚು. 1700ರಿಂದ 1850ರ ನಡುವಿನವೂ ಬಹಳಷ್ಟು ಇರುತ್ತವೆ.

ಜನ ಹೆಚ್ಚಾಗಿ ಮೋಸ ಹೋಗುವುದು ಒಂದು ವಿಷಯದಲ್ಲಿ. ಹಳೆಯ ನಮೂದುಗಳಲ್ಲಿ ವಿವರಣೆ ನಾಲ್ಕೇ ಸಾಲು ಇರುತ್ತದೆ. 'ಹುಲ್ಲಿನ ಮಾಡು, ಎರಡು ಅಂತಸ್ತು, ಇಟ್ಟಿಗೆ ಚಿಮಣಿ' ಅಂತ ಬರೆದು ಮುಗಿಸಿರುತ್ತಾರೆ. ಅದರಲ್ಲಿ ಮೆಟ್ಟಿಲಿನ ಹೆಸರಿಲ್ಲ, ಆದ್ದರಿಂದ ಮೆಟ್ಟಿಲು ಕಿತ್ತು ಹಾಕಬಹುದು ಅನ್ನುವುದು ತಪ್ಪು ಲೆಕ್ಕ. ಆ ಸಾಲುಗಳು ಕಟ್ಟಡವನ್ನು ಗುರುತಿಸಲು ಬರೆದವು. ರಕ್ಷಣೆ ಇರುವುದು ಇಡೀ ಕಟ್ಟಡಕ್ಕೆ, ಒಳಗೂ ಹೊರಗೂ. ಒಲೆಯ ಗೂಡು, ಬಾಗಿಲಿನ ಚಿಲಕ, ಗಾರೆ, ನೆಲದ ಕಲ್ಲು, ಎಲ್ಲವೂ ಸೇರಿದವು. ಮನೆಯ ಆವರಣದಲ್ಲಿ 1948ರ ಜುಲೈ 1ಕ್ಕಿಂತ ಮೊದಲಿನಿಂದ ಇರುವ ಹಳೆ ಕೊಟ್ಟಿಗೆ, ಕಾಂಪೌಂಡ್ ಗೋಡೆಗಳೂ ಸಾಮಾನ್ಯವಾಗಿ ಸೇರುತ್ತವೆ.

ಪಟ್ಟಿಯಲ್ಲಿ ಇಲ್ಲದಿದ್ದರೂ ಇಡೀ ಬೀದಿಯೇ ಸಂರಕ್ಷಿತ ಪ್ರದೇಶ (ಕನ್ಸರ್ವೇಷನ್ ಏರಿಯಾ) ಆಗಿರಬಹುದು. 1967ರ ಕಾನೂನಿನಿಂದ ಶುರುವಾದ ಈ ವ್ಯವಸ್ಥೆಯಲ್ಲಿ ಮೊದಲು ಸೇರಿದ್ದು ಲಿಂಕನ್‌ಶೈರ್‌ನ ಸ್ಟ್ಯಾಮ್‌ಫರ್ಡ್ ಪಟ್ಟಣ. ಈಗ ಇಂಗ್ಲೆಂಡಿನಲ್ಲಿ ಸುಮಾರು ಹತ್ತು ಸಾವಿರ ಇವೆ. ಇಲ್ಲಿ ಕಟ್ಟಡ ಕೆಡವಲು, ಕೆಲವು ಕಡೆ ಕಿಟಕಿ ಬದಲಿಸಲೂ ಅನುಮತಿ ಬೇಕಾಗುತ್ತದೆ. ಸ್ಥಳೀಯ ಕೌನ್ಸಿಲ್ ವೆಬ್‌ಸೈಟಿನ ನಕ್ಷೆಯಲ್ಲಿ ನೋಡಿಕೊಳ್ಳಿ.

2. ಮನೆಯನ್ನು ಓದಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಖುಷಿಯ ಭಾಗ ಇದು. ಬಹಳ ಜನ ಬಿಟ್ಟುಬಿಡುವುದೂ ಇದನ್ನೇ.

ರೈಲು ಬರುವ ಮೊದಲು ಬಡವರ ಮನೆಗೆ ದೂರದಿಂದ ಸಾಮಾನು ತರಿಸುವವರು ಯಾರೂ ಇರಲಿಲ್ಲ. ಕಾಲ ಕೆಳಗೆ ಏನು ಸಿಕ್ಕಿತೋ ಅದರಲ್ಲೇ ಕಟ್ಟಿದರು. ಕಾಟ್ಸ್‌ವಲ್ಡ್ಸ್‌ನಲ್ಲಿ ಜೇನು ಬಣ್ಣದ ಸುಣ್ಣಕಲ್ಲು, ಮಾಡಿಗೂ ಅದೇ ಕಲ್ಲಿನ ಚಪ್ಪಡಿ. ಸೂರಿನ ಹತ್ತಿರ ದೊಡ್ಡ ಚಪ್ಪಡಿ, ಮೇಲೆ ಹೋದ ಹಾಗೆ ಚಿಕ್ಕವು. ಡೆವನ್‌ನಲ್ಲಿ ಕಾಬ್ ಗೋಡೆ, ಅಂದರೆ ಜೇಡಿಮಣ್ಣಿಗೆ ಹುಲ್ಲು ಸೇರಿಸಿ ತುಳಿದು, ಪದರ ಪದರವಾಗಿ ಏರಿಸಿದ ಎರಡಡಿ ದಪ್ಪದ ಗೋಡೆ. ನಾರ್ಫೋಕ್‌ನಲ್ಲಿ, ಸಸೆಕ್ಸ್‌ನಲ್ಲಿ ಫ್ಲಿಂಟ್, ಅಂದರೆ ಚಕಮಕಿ ಕಲ್ಲು. ಕೆಂಟ್‌ನಲ್ಲಿ ಗೋಡೆಗೆ ನೇತುಹಾಕಿದ ಹಂಚು, ಮರದ ಹಲಗೆ. ಸಫೋಕ್‌ನ ಲ್ಯಾವೆನ್‌ಹ್ಯಾಮ್‌ನಲ್ಲಿ ಒತ್ತೊತ್ತಾಗಿ ನಿಲ್ಲಿಸಿದ ಓಕ್ ಕಂಬಗಳು. ನಿಮ್ಮ ಮನೆ ಯಾವ ಸೀಮೆಯದು ಅಂತ ಗೊತ್ತಾದರೆ ರಿಪೇರಿಗೆ ಯಾವ ಸಾಮಾನು ಬೇಕು ಅನ್ನುವುದು ಅರ್ಧ ಗೊತ್ತಾದ ಹಾಗೆ.

ಮರದ ಚೌಕಟ್ಟಿನ ಮನೆಯಾದರೆ ಕಂಬಗಳನ್ನು ನೋಡಿ. ಬಾಗಿದ ಎರಡು ದೊಡ್ಡ ಮರಗಳು ನೆಲದಿಂದ ಹೊರಟು ಮಾಡಿನ ನೆತ್ತಿಯಲ್ಲಿ ಕೂಡಿದ್ದರೆ ಅದು ಕ್ರಕ್ ಕಟ್ಟಡ. ಮಧ್ಯ ಮತ್ತು ಪಶ್ಚಿಮ ಇಂಗ್ಲೆಂಡಿನಲ್ಲಿ ಬಹಳ ಇವೆ, ಪೂರ್ವದ ಕಡೆ ಇಲ್ಲವೇ ಇಲ್ಲ ಅನ್ನಬಹುದು. ನೇರ ಕಂಬ, ಅಡ್ಡ ತೊಲೆಗಳ ಪೆಟ್ಟಿಗೆಯಂಥ ಚೌಕಟ್ಟು ಇನ್ನೊಂದು ಬಗೆ. ಕಂಬಗಳ ನಡುವೆ ಹೇಜಲ್ ಕಡ್ಡಿಯ ತಟ್ಟಿ ಹೆಣೆದು ಮಣ್ಣು, ಸಗಣಿ, ಹುಲ್ಲು ಕಲಸಿ ಮೆತ್ತುತ್ತಿದ್ದರು. ಕೂಡುಗಳಲ್ಲಿ ಮೊಳೆ ಇರುವುದಿಲ್ಲ, ಓಕ್ ಗೂಟ ಇರುತ್ತದೆ. ಪಕ್ಕದಲ್ಲೇ ರೋಮನ್ ಅಂಕಿಯಂಥ ಗೀರುಗಳು ಕಾಣಬಹುದು. ಬಡಗಿಗಳು ಚೌಕಟ್ಟನ್ನು ಮೊದಲು ಬೇರೆ ಕಡೆ ಜೋಡಿಸಿ ನೋಡಿ, ಬಿಚ್ಚಿ ತಂದು ನಿಲ್ಲಿಸುತ್ತಿದ್ದರು. ಯಾವುದು ಎಲ್ಲಿಗೆ ಅಂತ ನೆನಪಿಗೆ ಹಾಕಿದ ಗುರುತು ಅದು.

ಅಟ್ಟ ಹತ್ತಿ ಟಾರ್ಚ್ ಬಿಡಿ. ಮಾಡಿನ ಮರಗಳಿಗೆ ದಪ್ಪ ಕಪ್ಪು ಮಸಿ ಹಿಡಿದಿದ್ದರೆ ಮನೆಗೆ ಮೊದಲು ಚಿಮಣಿ ಇರಲಿಲ್ಲ ಅಂತ ಅರ್ಥ. ನಡುಮನೆಯಲ್ಲಿ ನೆಲದ ಮೇಲೇ ಬೆಂಕಿ, ಹೊಗೆ ಮಾಡಿನ ತನಕ ಏರುತ್ತಿತ್ತು. ಚಿಮಣಿ, ಮೇಲಿನ ಅಂತಸ್ತು ಎಲ್ಲ ಆಮೇಲೆ ಸೇರಿಸಿದ್ದು. ಡೆವನ್‌ನ ಕೆಲವು ಮನೆಗಳಲ್ಲಿ ಮಸಿ ಹಿಡಿದ ಮಧ್ಯಯುಗದ ಹುಲ್ಲೇ ಒಳಪದರವಾಗಿ ಇನ್ನೂ ಉಳಿದಿದೆ. ಇದನ್ನು ಕೊಳೆ ಅಂದುಕೊಂಡು ಯಾರೂ ತೊಳೆಯಬಾರದು, ಕಿತ್ತು ಎಸೆಯಬಾರದು. ಆರುನೂರು ವರ್ಷದ ಹಿಂದೆ ಆ ಹೊಲದಲ್ಲಿ ಬೆಳೆದ ಗೋಧಿ, ರೈ ತಳಿಗಳ ಕಡ್ಡಿ ಅದರಲ್ಲಿರುತ್ತದೆ.

ಒಲೆಯ ಮೇಲಿನ ತೊಲೆಯನ್ನು ಓರೆ ಬೆಳಕಿನಲ್ಲಿ ನೋಡಿ. ಕೈವಾರದಲ್ಲಿ ಕೊರೆದ ಹೂವಿನ ಚಕ್ರ, ಒಂದರ ಮೇಲೊಂದು ಬಿದ್ದ ವಿ ಆಕಾರದ ಗೀರು ಕಂಡರೆ ಅವು ಕೆಟ್ಟದ್ದು ಒಳಗೆ ಬರದಿರಲಿ ಅಂತ ಮನೆಯವರು ಕೊರೆದ ಗುರುತುಗಳು. ತೊಲೆಯನ್ನು ಉಜ್ಜಿ 'ಹೊಸದು' ಮಾಡಿದರೆ ಅವು ಒಂದೇ ದಿನದಲ್ಲಿ ಹೋಗುತ್ತವೆ. ಹಾಗೆ ಮರಳು ಬೀಸಿ ಉಜ್ಜಿದ ತೊಲೆ ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮತ್ತೆ ತರಲು ದಾರಿಯೇ ಇಲ್ಲ.

ಕೆಲವು ಊಹೆಗಳನ್ನು ಮಾತ್ರ ಹುಷಾರಾಗಿ ಮಾಡಿ. ಮುಚ್ಚಿದ ಕಿಟಕಿ ಕಂಡ ಕೂಡಲೇ 1696ರಿಂದ 1851ರ ತನಕ ಇದ್ದ ಕಿಟಕಿ ತೆರಿಗೆಯ ಕತೆ ಹೇಳುವವರು ಬಹಳ. ಆ ತೆರಿಗೆಯ ಬಿಸಿ ತಟ್ಟಿದ್ದು ಹೆಚ್ಚು ಕಿಟಕಿ ಇದ್ದ ದೊಡ್ಡ ಮನೆಗಳಿಗೆ. ಸಣ್ಣ ಕಾಟೇಜ್‌ನಲ್ಲಿ ಮೆಟ್ಟಿಲಿನ ಜಾಗ ಬದಲಾಗಿಯೋ, ಚಳಿ ತಡೆಯಲೋ ಮುಚ್ಚಿರಬಹುದು. ಹಾಗೆಯೇ ಮರದ ಚೌಕಟ್ಟಿಗೆ ಕಡುಕಪ್ಪು ಬಣ್ಣ, ನಡುವೆ ಅಚ್ಚ ಬಿಳಿ ಅನ್ನುವುದು ಬಹಳ ಕಡೆ ವಿಕ್ಟೋರಿಯಾ ಕಾಲದ ಶೋಕಿ. ಅದಕ್ಕೂ ಮೊದಲು ಓಕ್ ಮರವನ್ನು ಬೂದು ಬಣ್ಣಕ್ಕೆ ತಿರುಗಲು ಬಿಡುತ್ತಿದ್ದರು, ಇಲ್ಲವೇ ಗೋಡೆಯ ಜೊತೆಗೇ ಸುಣ್ಣ ಬಳಿಯುತ್ತಿದ್ದರು. ಕಾಟೇಜ್ ಅಂದರೆ ಮುದ್ದಾಗಿಯೇ ಇರಬೇಕು ಅನ್ನುವ ಚಿತ್ರಕ್ಕೂ ಚರಿತ್ರೆ ಇದೆ. ಬ್ರಿಸ್ಟಲ್ ಹತ್ತಿರದ ಬ್ಲೇಸ್ ಹ್ಯಾಮ್ಲೆಟ್‌ನಲ್ಲಿ ವಾಸ್ತುಶಿಲ್ಪಿ ಜಾನ್ ನ್ಯಾಶ್ 1811ರ ಸುಮಾರಿಗೆ ಒಂಬತ್ತು ಕಾಟೇಜ್ ರಚಿಸಿದ. ಒಂದರ ಹಾಗೆ ಇನ್ನೊಂದಿಲ್ಲ, ಎಲ್ಲವೂ ಚಿತ್ರ ಬರೆದ ಹಾಗಿವೆ. ಅವು ಎಸ್ಟೇಟಿನ ನಿವೃತ್ತ ಕೆಲಸಗಾರರಿಗೆ ಬೇಕೆಂದೇ ಹಾಗೆ ಕಟ್ಟಿದವು. ನಿಜವಾದ ಕೂಲಿಯವರ ಮನೆಯಲ್ಲಿ ಎರಡು ಕೋಣೆಯಲ್ಲಿ ಇಡೀ ಕುಟುಂಬ ಬದುಕುತ್ತಿತ್ತು. ಗ್ಲಾಸ್ಟರ್‌ಶೈರ್‌ನ ಬಿಬರಿಯಲ್ಲಿರುವ ಆರ್ಲಿಂಗ್ಟನ್ ರೋ ಸಾಲು 1380ರ ಸುಮಾರಿಗೆ ಉಣ್ಣೆಯ ಗೋದಾಮು. ನೇಕಾರರ ಮನೆಯಾದದ್ದು 17ನೇ ಶತಮಾನದಲ್ಲಿ. ಹಳೆ ಮನೆಯಲ್ಲಿ ಮೂಲ ರೂಪ ಅಂತ ಒಂದೇ ಇರುವುದಿಲ್ಲ. ಆಮೇಲೆ ಸೇರಿದ್ದಕ್ಕೂ ಬೆಲೆ ಇದೆ.

ಕಾಗದಪತ್ರಕ್ಕೆ ಜಿಲ್ಲೆಯ ದಾಖಲೆ ಕಚೇರಿಗೆ ಹೋಗಿ. 1836ರ ಕಾನೂನಿನ ನಂತರ, ಚರ್ಚಿಗೆ ಸಲ್ಲುತ್ತಿದ್ದ ದಶಾಂಶದ ಲೆಕ್ಕಕ್ಕೆ ತಯಾರಾದ ಟೈದ್ ನಕ್ಷೆಗಳಲ್ಲಿ ಎಷ್ಟೋ ಹಳ್ಳಿಗಳ ಪ್ರತಿ ಮನೆಯೂ ಇದೆ. ಯಾರ ಸ್ವತ್ತು, ಯಾರು ವಾಸ ಅನ್ನುವುದೂ ಸಿಗುತ್ತದೆ. 1841ರಿಂದ ಜನಗಣತಿಯಲ್ಲಿ ಹೆಸರು ಹಿಡಿದು ಹುಡುಕಬಹುದು. ಈ ಓದು ಸುಮ್ನೆ ಕುತೂಹಲಕ್ಕಲ್ಲ, ಐದನೇ ಹೆಜ್ಜೆಯಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ.

3. ನೀರು ಎಲ್ಲಿಂದ ಬರುತ್ತಿದೆ ಕಂಡುಹಿಡಿಯಿರಿ

ಹಳೆ ಗೋಡೆಗೆ ತೇವ ತಡೆಯುವ ಪದರ ಇರುವುದಿಲ್ಲ. ಅದು ನಿಂತಿರುವುದು ಬೇರೆ ಲೆಕ್ಕದ ಮೇಲೆ. ಗೋಡೆ ಒಂದಿಷ್ಟು ನೀರು ಕುಡಿಯುತ್ತದೆ, ಗಾಳಿ ಬಿಸಿಲಿಗೆ ಅದನ್ನು ಹೊರಗೆ ಬಿಡುತ್ತದೆ. ಸುಣ್ಣದ ಗಾರೆ, ಸುಣ್ಣದ ಬಣ್ಣ ಇದಕ್ಕೆ ದಾರಿ ಕೊಡುತ್ತವೆ. ಸಿಮೆಂಟ್ ದಾರಿ ಮುಚ್ಚುತ್ತದೆ.

ಪೋರ್ಟ್‌ಲೆಂಡ್ ಸಿಮೆಂಟಿಗೆ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ಇಪ್ಪತ್ತನೇ ಶತಮಾನದಲ್ಲಿ ಅದು ಹಳ್ಳಿ ಕಾಟೇಜ್‌ಗಳಿಗೂ ಬಂತು. ಒಳ್ಳೆಯದಾಗಲಿ ಅಂತಲೇ ಜನ ಗೋಡೆಗೆ ಸಿಮೆಂಟ್ ಬಳಿದರು. ಹಳೆ ಗೋಡೆ ಹವೆಗೆ ತಕ್ಕಂತೆ ಸ್ವಲ್ಪ ಅಲುಗುತ್ತದೆ, ಸಿಮೆಂಟ್ ಅಲುಗುವುದಿಲ್ಲ, ಬಿರುಕು ಬಿಡುತ್ತದೆ. ಕೂದಲೆಳೆಯ ಬಿರುಕಿನಲ್ಲಿ ಮಳೆನೀರು ಒಳಗೆ ಹೋಗುತ್ತದೆ, ವಾಪಸ್ ಬರಲು ಆಗುವುದಿಲ್ಲ. ಮರದ ಚೌಕಟ್ಟಾದರೆ ಬುಡದ ತೊಲೆ ಕೊಳೆಯುತ್ತದೆ. ಕಾಬ್ ಗೋಡೆಯಾದರೆ ಬುಡದ ಮಣ್ಣು ಮೆತ್ತಗಾಗುತ್ತದೆ. ಹೊರಗೆ ನೋಡಲು ಗಟ್ಟಿಯಾಗೇ ಇದ್ದು, ಒಂದು ದಿನ ಗೋಡೆಯ ತುಂಡೇ ಕುಸಿಯಬಹುದು. ಕಾಬ್ ಮನೆಗೆ ಒಳ್ಳೆ ಟೋಪಿ, ಒಳ್ಳೆ ಬೂಟು ಇದ್ದರೆ ಸಾಕು ಅಂತ ಡೆವನ್‌ನಲ್ಲಿ ಮಾತಿದೆ. ಟೋಪಿ ಅಂದರೆ ಚೆನ್ನಾಗಿ ಚಾಚಿದ ಮಾಡು, ಬೂಟು ಅಂದರೆ ಕಲ್ಲಿನ ಪಾಯ.

ಆದ್ದರಿಂದ ಗೋಡೆಯಲ್ಲಿ ತೇವ ಕಂಡರೆ ಮೊದಲು ಮನೆಯ ಹೊರಗೆ ಹೋಗಿ. ಜೋರು ಮಳೆ ಬರುತ್ತಿರುವಾಗ ಹೋದರೆ ಇನ್ನೂ ಒಳ್ಳೆಯದು. ಮಳೆನೀರಿನ ದೋಣಿ ತುಂಬಿ ಸುರಿಯುತ್ತಿದೆಯಾ? ಪೈಪು ಒಡೆದಿದೆಯಾ? ಹೊರಗಿನ ನೆಲ ವರ್ಷಗಟ್ಟಲೆ ಮಣ್ಣು, ಕಾಂಕ್ರೀಟ್ ಬಿದ್ದು ಒಳಗಿನ ನೆಲಕ್ಕಿಂತ ಮೇಲೆ ಬಂದಿದೆಯಾ? ಇದು ತುಂಬಾ ಮನೆಗಳಲ್ಲಿ ಕಾಣುವ ಕಾರಣ. ಚಿಮಣಿಯ ತಲೆ ತೆರೆದಿದೆಯಾ? ಒಳಗೆ ಅಡುಗೆಯ ಆವಿ ಹೊರಹೋಗಲು ದಾರಿ ಇದೆಯಾ? ಇಷ್ಟು ಸರಿ ಮಾಡಿ, ಒಂದೆರಡು ಋತು ಕಾಯಿರಿ. ದಪ್ಪ ಗೋಡೆ ಒಣಗಲು ಸಮಯ ಬೇಕು.

ಗೋಡೆಗೆ ಮೀಟರ್ ಚುಚ್ಚಿ, 'ಕೆಮಿಕಲ್ ಇಂಜೆಕ್ಷನ್ ಹಾಕಬೇಕು, ಗಾರೆ ಕಿತ್ತು ಸಿಮೆಂಟ್ ಹಾಕಬೇಕು' ಅನ್ನುವವರು ಬರುತ್ತಾರೆ. ಆ ಮೀಟರ್ ಮರದ ತೇವ ಅಳೆಯಲು ಮಾಡಿದ್ದು. ಉಪ್ಪು ಹಿಡಿದ ಹಳೆ ಗಾರೆಯಲ್ಲಿ ಅದು ತಪ್ಪು ಲೆಕ್ಕ ಕೊಡುತ್ತದೆ. ಕಲ್ಲು, ಮಣ್ಣು ತುಂಬಿದ ದಪ್ಪ ಗೋಡೆಯಲ್ಲಿ ಇಂಜೆಕ್ಷನ್ ಎಲ್ಲ ಕಡೆ ಹರಡುವುದೂ ಇಲ್ಲ. ಆ ಕೆಲಸ ಮಾರುವವರಿಂದಲೇ ತಪಾಸಣೆ ಮಾಡಿಸಬೇಡಿ.

4. ಸರಿಯಾದ ಜನರನ್ನು ಹುಡುಕಿ

ಬ್ಯಾಂಕು ಸಾಲಕ್ಕೆ ಮಾಡಿಸುವ ಮೌಲ್ಯಮಾಪನ ಸಾಲದು. ಲೆವೆಲ್ ಮೂರು ಸರ್ವೇ, ಅಂದರೆ ಇಡೀ ಮನೆಯ ವಿವರವಾದ ತಪಾಸಣೆ ಮಾಡಿಸಿ, ಅದೂ ಹಳೆ ಕಟ್ಟಡದ ಅನುಭವ ಇರುವ ಸರ್ವೇಯರ್ ಕೈಯಲ್ಲಿ. ಗಾರೆ ಕೆಲಸದವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಸುಣ್ಣದಲ್ಲಿ ಕೆಲಸ ಮಾಡಿದ ಮನೆ ತೋರಿಸುತ್ತೀರಾ? ಐದು ವರ್ಷ ಹಳೆಯ ಕೆಲಸವನ್ನು ಹೋಗಿ ನೋಡಿ.

ಹಳೆ ಕಟ್ಟಡಗಳ ರಕ್ಷಣಾ ಸಂಘವನ್ನು (SPAB) ಕಲಾವಿದ ವಿಲಿಯಂ ಮಾರಿಸ್ ಮತ್ತು ವಾಸ್ತುಶಿಲ್ಪಿ ಫಿಲಿಪ್ ವೆಬ್ 1877ರಲ್ಲಿ ಶುರು ಮಾಡಿದರು. 'ಹಳೆಯ ಹಾಗೆ ಮಾಡುತ್ತೇವೆ' ಅಂತ ಹೇಳಿ ಚರ್ಚುಗಳ ಗೋಡೆ ಕೆರೆದು ಹಾಳು ಮಾಡುತ್ತಿದ್ದ ಕಾಲ ಅದು. ಕೆರೆಯಬೇಡಿ, ದಿನದಿನವೂ ನೋಡಿಕೊಳ್ಳಿ ಅನ್ನುವುದು ಅವರ ವಾದ. ಆ ಸಂಘ ಇವತ್ತೂ ಮನೆ ಮಾಲೀಕರಿಗೆ ಸಲಹೆ, ತರಬೇತಿ ಕೊಡುತ್ತದೆ. ಹಳೆಯ ಕಟ್ಟಡ, ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ 1896ರಲ್ಲಿ ಮೊದಲು ಕೊಂಡ ಕಟ್ಟಡ ಸಸೆಕ್ಸ್‌ನ ಆಲ್ಫ್ರಿಸ್ಟನ್‌ನಲ್ಲಿದೆ. ಪಾಳು ಬಿದ್ದಿದ್ದ, ಮರದ ಚೌಕಟ್ಟಿನ ಹುಲ್ಲಿನ ಮನೆ. ಬೆಲೆ ಹತ್ತು ಪೌಂಡ್. ಇವತ್ತಿಗೂ ಗಟ್ಟಿಯಾಗಿ ನಿಂತಿರುವ ಅದನ್ನು ಹೋಗಿ ನೋಡಬಹುದು. ಸಸೆಕ್ಸ್‌ನಲ್ಲೇ ಸಿಂಗಲ್ಟನ್ ಅನ್ನುವ ಹಳ್ಳಿಯಲ್ಲಿ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಮ್ಯೂಸಿಯಂ ಇದೆ. ಉಳಿಸಿ ತಂದು ನಿಲ್ಲಿಸಿದ ಹಳೆ ಮನೆಗಳ ಒಳಗೇ ಓಡಾಡಿ, ಮರದ ಕೂಡುಗಳನ್ನು ಕಣ್ಣೆದುರು ನೋಡಬಹುದು.

5. ಅನುಮತಿ ಕೇಳಿ

ಕಾನೂನು 1990ರದು. ಲಿಸ್ಟೆಡ್ ಕಟ್ಟಡದ ಸ್ವರೂಪಕ್ಕೆ ಧಕ್ಕೆಯಾಗುವ ಯಾವುದೇ ಬದಲಾವಣೆ, ವಿಸ್ತರಣೆ, ಕೆಡವುವಿಕೆಗೆ ಕೌನ್ಸಿಲ್‌ನಿಂದ ಲಿಸ್ಟೆಡ್ ಬಿಲ್ಡಿಂಗ್ ಕನ್ಸೆಂಟ್ ಅನ್ನುವ ಅನುಮತಿ ಬೇಕು. ಇಲ್ಲದೆ ಮಾಡಿದರೆ ಕ್ರಿಮಿನಲ್ ಅಪರಾಧ. ಎರಡು ವರ್ಷದ ತನಕ ಜೈಲು, ಮಿತಿಯಿಲ್ಲದ ದಂಡ, ಅಥವಾ ಎರಡೂ ಆಗಬಹುದು. ಮೊದಲಿನಂತೆ ಮಾಡಿ ಅಂತ ನೋಟಿಸ್ ಕೊಡಲು ಕೌನ್ಸಿಲ್‌ಗೆ ಕಾಲಮಿತಿ ಇಲ್ಲ. ಆ ನೋಟಿಸ್ ಈಗಿನ ಮಾಲೀಕರಿಗೇ ಬರುತ್ತದೆ. ಅಂದರೆ ಹಿಂದಿನವರು ಕದ್ದು ಮಾಡಿದ ಪ್ಲಾಸ್ಟಿಕ್ ಕಿಟಕಿಯನ್ನು ನೀವು ತೆಗೆಸಬೇಕಾಗಬಹುದು. ಕೊಳ್ಳುವಾಗಲೇ ವಕೀಲರ ಮೂಲಕ ಪ್ರತಿ ಬದಲಾವಣೆಗೂ ಅನುಮತಿ ಪತ್ರ ಕೇಳಿ.

ಇದ್ದದ್ದನ್ನು ಅದೇ ಸಾಮಾನಿನಿಂದ, ಅದೇ ರೀತಿ ರಿಪೇರಿ ಮಾಡಲು ಸಾಮಾನ್ಯವಾಗಿ ಅನುಮತಿ ಬೇಡ. ಎಲ್ಲಿಗೆ ರಿಪೇರಿ ಮುಗಿದು ಎಲ್ಲಿಂದ ಬದಲಾವಣೆ ಶುರುವಾಗುತ್ತದೆ ಅನ್ನುವುದೇ ಕಷ್ಟದ ಪ್ರಶ್ನೆ. ಕೌನ್ಸಿಲ್‌ನ ಕನ್ಸರ್ವೇಷನ್ ಆಫೀಸರ್‌ಗೆ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಅವರನ್ನು ಎದುರಾಳಿ ಅಂತ ನೋಡಬೇಡಿ. ನಿಮ್ಮ ಮನೆಯಂಥ ನೂರಾರು ಮನೆ ನೋಡಿದವರು ಅವರು.

ಅರ್ಜಿಗೆ ಶುಲ್ಕವಿಲ್ಲ. ನಕ್ಷೆ, ಫೋಟೋ, ಜೊತೆಗೆ ಹೆರಿಟೇಜ್ ಸ್ಟೇಟ್‌ಮೆಂಟ್ ಅನ್ನುವ ಬರಹ ಕೊಡಬೇಕು. ಈ ಮನೆಯಲ್ಲಿ ಯಾವುದಕ್ಕೆ ಬೆಲೆ ಇದೆ, ನಿಮ್ಮ ಕೆಲಸದಿಂದ ಅದಕ್ಕೆ ಏನಾಗುತ್ತದೆ, ಬೇರೆ ದಾರಿ ಯಾಕಿಲ್ಲ ಅಂತ ಅದರಲ್ಲಿ ಬರೆಯಬೇಕು. ಎರಡನೇ ಹೆಜ್ಜೆಯಲ್ಲಿ ಓದಿದ್ದೆಲ್ಲ ಇಲ್ಲಿ ಉಪಯೋಗಕ್ಕೆ ಬರುತ್ತದೆ. ತೀರ್ಮಾನಕ್ಕೆ ಇಟ್ಟಿರುವ ಅವಧಿ ಎಂಟು ವಾರ, ಕೆಲವೊಮ್ಮೆ ಜಾಸ್ತಿಯಾಗುತ್ತದೆ. ಪ್ಲಾನಿಂಗ್ ಪರ್ಮಿಷನ್ ಬೇಕಾದರೆ ಅದು ಬೇರೆ ಅರ್ಜಿ. ಖರ್ಚಿನ ಲೆಕ್ಕದಲ್ಲಿ ವ್ಯಾಟ್ ಮರೆಯಬೇಡಿ. ಅನುಮತಿ ಸಿಕ್ಕ ಬದಲಾವಣೆಗಳಿಗೆ ಇದ್ದ ವಿನಾಯಿತಿ 2012ರ ಅಕ್ಟೋಬರ್ 1ರಿಂದ ಇಲ್ಲ.

ಮಾಡಿನಲ್ಲಿ ಬಾವಲಿ ಇದ್ದರೆ ಕೆಲಸ ನಿಲ್ಲಿಸಿ. ಬಾವಲಿಗೂ ಅದರ ಗೂಡಿಗೂ ಕಾನೂನಿನ ರಕ್ಷಣೆ ಇದೆ. ತಜ್ಞರ ತಪಾಸಣೆ ಮಾಡಿಸಿ, ಬೇಕಾದರೆ ಸರ್ಕಾರದ ನಿಸರ್ಗ ರಕ್ಷಣಾ ಸಂಸ್ಥೆಯಾದ ನ್ಯಾಚುರಲ್ ಇಂಗ್ಲೆಂಡ್‌ನಿಂದ ಲೈಸೆನ್ಸ್ ತೆಗೆದುಕೊಳ್ಳಬೇಕು.

6. ಸ್ವಲ್ಪವೇ ಕೆಲಸ ಮಾಡಿ, ಅದೇ ಸಾಮಾನಿನಲ್ಲಿ

ಗೋಡೆ: ಸಿಮೆಂಟ್ ಬಳಿದ ಗೋಡೆಯನ್ನು ಪೂರ್ತಿ ಕೀಳುವ ಮೊದಲು ಒಂದು ಮೂಲೆಯಲ್ಲಿ ಬಿಚ್ಚಿ ನೋಡಿ. ಗಟ್ಟಿಯಾಗಿ ಅಂಟಿದ್ದರೆ ಕೀಳುವಾಗ ಕಲ್ಲಿನ ಮುಖವೇ ಕಿತ್ತು ಬರುತ್ತದೆ. ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನಕ್ಕೆ ಗಟ್ಟಿಯಾಗುತ್ತದೆ. ತೆಳು ಪದರಗಳಲ್ಲಿ ಹಾಕಿ, ಒದ್ದೆ ಗೋಣಿಪಟ್ಟಿ ಮುಚ್ಚಿ, ಬಿಸಿಲಿನಿಂದ ಕಾಪಾಡಬೇಕು. ಚಳಿ 5 ಡಿಗ್ರಿಗಿಂತ ಇಳಿಯುವ ಕಾಲದಲ್ಲಿ ಈ ಕೆಲಸ ಬೇಡ. ಬಣ್ಣಕ್ಕೆ ಸುಣ್ಣವೇ ಸಾಕು, ಪ್ಲಾಸ್ಟಿಕ್ ಬಣ್ಣ ಬೇಡ. ಕಲ್ಲಿನ ನಡುವಿನ ಗಾರೆ ಯಾವತ್ತೂ ಕಲ್ಲಿಗಿಂತ ಮೆತ್ತಗಿರಬೇಕು. ಸವೆಯಬೇಕಾದ್ದು ಗಾರೆ, ಕಲ್ಲಲ್ಲ.

ಮರ: ತೊಲೆಯಲ್ಲಿ ಹುಳು ಕೊರೆದ ತೂತು ಕಂಡ ಮಾತ್ರಕ್ಕೆ ಔಷಧಿ ಹೊಡೆಸಬೇಡಿ. ಎಷ್ಟೋ ತೂತುಗಳು ನೂರಾರು ವರ್ಷ ಹಳೆಯವು. ಕೆಳಗೆ ಕಪ್ಪು ಕಾಗದ ಹಾಸಿ, ವಸಂತದಿಂದ ಬೇಸಿಗೆಯ ತನಕ ಹೊಸ ಪುಡಿ ಬೀಳುತ್ತದಾ ನೋಡಿ. ಡೆತ್‌ವಾಚ್ ಹುಳು ಬದುಕುವುದು ತೇವ ಇರುವ ಓಕ್‌ನಲ್ಲಿ, ತೇವ ಹೋದರೆ ಅದೂ ಸೊರಗುತ್ತದೆ. ಕೊಳೆತ ಭಾಗ ಮಾತ್ರ ಕತ್ತರಿಸಿ, ಹೊಸ ಓಕ್ ತುಂಡು ಕೂಡಿಸಿದರೆ ಸಾಕು. ತೊಲೆ ಪೂರ್ತಿ ಬದಲಿಸುವುದು ಕೊನೆಯ ದಾರಿ.

ಹುಲ್ಲಿನ ಮಾಡು: ಮೂರು ಬಗೆ ಇವೆ. ಜೊಂಡಿನ ಮಾಡು ಮೂವತ್ತರಿಂದ ಐವತ್ತು ವರ್ಷ ಬಾಳಬಹುದು. ಬಾಚಿದ ಗೋಧಿ ಕಡ್ಡಿಯದು ಇಪ್ಪತ್ತೈದರಿಂದ ನಲವತ್ತು, ಉದ್ದ ಹುಲ್ಲಿನದು ಹದಿನೈದರಿಂದ ಇಪ್ಪತ್ತೈದು. ನೆತ್ತಿಯ ಪದರವನ್ನು ಹತ್ತು ಹದಿನೈದು ವರ್ಷಕ್ಕೊಮ್ಮೆ ಬದಲಿಸಬೇಕು. ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಿಸಲು ಅನುಮತಿ ಬೇಕಾಗಬಹುದು, ಮನೆಯ ಆಕಾರವೇ ಬೇರೆಯಾಗಿ ಕಾಣುತ್ತದೆ. ದೊಡ್ಡ ಅಪಾಯ ಬೆಂಕಿ. ಶಾಟರಿಯಲ್ಲಿರುವ, ಶೇಕ್ಸ್‌ಪಿಯರ್‌ನ ಹೆಂಡತಿಯ ತವರುಮನೆಯಾದ ಆನ್ ಹ್ಯಾಥ್‌ವೇ ಕಾಟೇಜ್ ಕೂಡ 1969ರಲ್ಲಿ ಬೆಂಕಿಗೆ ಸಿಕ್ಕಿತ್ತು. ಚಿಮಣಿಯನ್ನು ವರ್ಷಕ್ಕೆ ಎರಡು ಸಲ ಗುಡಿಸಿ. ಚೆನ್ನಾಗಿ ಒಣಗಿದ ಸೌದೆ ಮಾತ್ರ ಉರಿಸಿ, ಕಾಗದ ಉರಿಸಬೇಡಿ. ಚಿಮಣಿಯ ಬಾಯಿ ಹುಲ್ಲಿನಿಂದ ಕನಿಷ್ಠ 1.8 ಮೀಟರ್ ಮೇಲಿರಲಿ. ವಿಮೆ ಮಾಡಿಸುವಾಗ ಮಾಡು ಹುಲ್ಲಿನದು, ಮನೆ ಲಿಸ್ಟೆಡ್ ಅಂತ ಮೊದಲೇ ಹೇಳಿ. ಮೊತ್ತ ಇಡಬೇಕಾದ್ದು ಮನೆಯ ಮಾರುಕಟ್ಟೆ ಬೆಲೆಗಲ್ಲ, ಅದೇ ಸಾಮಾನಿನಲ್ಲಿ ಮತ್ತೆ ಕಟ್ಟುವ ಖರ್ಚಿಗೆ.

ಕಿಟಕಿ: ಅಲೆಅಲೆಯಾಗಿ ಕಾಣುವ ಹಳೆ ಗಾಜು ಸಿಕ್ಕರೆ ಅದು ಅದೃಷ್ಟ, ಹೇಗಾದರೂ ಉಳಿಸಿಕೊಳ್ಳಿ. ಚಳಿಗೆ ಸಂದುಗಳನ್ನು ಮುಚ್ಚಿ, ದಪ್ಪ ಪರದೆ ಹಾಕಿ, ಒಳಗಡೆಯಿಂದ ಎರಡನೇ ಗಾಜಿನ ಚೌಕಟ್ಟು ಕೂರಿಸಿ. ಮೂಲ ಕಿಟಕಿ ಮುಟ್ಟದೆ ಬೆಚ್ಚಗಾಗುತ್ತದೆ. ಎರಡನೇ ಚೌಕಟ್ಟಿಗೂ ಅನುಮತಿ ಬೇಕಾಗಬಹುದು, ಕೇಳಿ. ಅಟ್ಟದಲ್ಲಿ ಕುರಿ ಉಣ್ಣೆ ಅಥವಾ ಮರದ ನಾರಿನ ಹಾಸು ಹಾಕಬಹುದು, ತೇವ ಬಿಟ್ಟುಕೊಡುವ ಗುಣ ಅವಕ್ಕಿದೆ. ಪ್ಲಾಸ್ಟಿಕ್ ಫೋಮ್ ಸಿಂಪಡಿಸುವವರನ್ನು ಮಾತ್ರ ಮಾಡಿನ ಹತ್ತಿರ ಬಿಡಬೇಡಿ.

7. ವರ್ಷವರ್ಷದ ಕೆಲಸ, ಮತ್ತು ಒಂದು ಫೈಲು

ಪ್ರತಿ ಕೆಲಸಕ್ಕೂ ಮೊದಲು, ಮಧ್ಯದಲ್ಲಿ, ಆಮೇಲೆ ಫೋಟೋ ತೆಗೆಯಿರಿ. ಯಾವ ಸುಣ್ಣ, ಯಾವ ಮರಳು, ಯಾವ ಪ್ರಮಾಣ, ಯಾರು ಮಾಡಿದರು ಅಂತ ಬರೆದಿಡಿ. ಅನುಮತಿ ಪತ್ರ, ಆಫೀಸರ್‌ಗೆ ಬರೆದ ಮೇಲ್‌ಗಳು ಅದರಲ್ಲೇ ಇರಲಿ. ಮನೆ ಮಾರುವಾಗ ಕೊಳ್ಳುವವರ ವಕೀಲರು ಮೊದಲು ಕೇಳುವ ಕಾಗದಗಳಲ್ಲಿ ಇವೂ ಇರುತ್ತವೆ.

ಶರತ್ಕಾಲದಲ್ಲಿ ಎಲೆ ಉದುರಿದ ಮೇಲೆ ದೋಣಿ, ಪೈಪು, ಚರಂಡಿ ಖಾಲಿ ಮಾಡಿ. ಹುಲ್ಲಿನ ಮಾಡಿಗೆ ಸಾಮಾನ್ಯವಾಗಿ ದೋಣಿ ಇರುವುದಿಲ್ಲ, ಸೂರೇ ನೀರನ್ನು ದೂರಕ್ಕೆ ಬಿಡುತ್ತದೆ. ಅಲ್ಲಿ ಸೂರಿನ ಕೆಳಗಿನ ನೆಲ ಗೋಡೆಯಿಂದ ಹೊರಕ್ಕೆ ಇಳಿಜಾರಾಗಿದೆಯಾ ನೋಡಿಕೊಳ್ಳಿ. ಗೋಡೆ ಹತ್ತಿದ ಐವಿ ಬಳ್ಳಿಯನ್ನು ಹಸಿ ಇದ್ದಾಗ ಎಳೆಯಬೇಡಿ, ಗಾರೆ ಸಮೇತ ಬರುತ್ತದೆ. ಬುಡದಲ್ಲಿ ಕತ್ತರಿಸಿ, ಪೂರ್ತಿ ಒಣಗಿದ ಮೇಲೆ ಬಿಡಿಸಿ. ಬಿರುಕು ಕಂಡರೆ ಎರಡೂ ಬದಿಗೆ ಪೆನ್ಸಿಲ್ ಗುರುತು ಹಾಕಿ ತಾರೀಕು ಬರೆಯಿರಿ. ಆರು ತಿಂಗಳಾದ ಮೇಲೆ ಅಳೆದು ನೋಡಿ. ಅಂತರ ಹೆಚ್ಚಿದ್ದರೆ ಎಂಜಿನಿಯರ್‌ರನ್ನು ಕರೆಯಿರಿ. ಹಾಗೇ ಇದ್ದರೆ ಸುಣ್ಣದ ಗಾರೆ ತುಂಬಿ ಬಿಡಿ.